ನಾಲ್ಕು ಐದಾಗುವ ಮುನ್ನ

ಪರೀಕ್ಷೆಯ ಪ್ರವೇಶಪತ್ರ, ಶುಲ್ಕದ ರಶೀದಿ, ಪಾಸ್‌ವರ್ಡ್ ಬದಲಿಸುವ ಕೊಂಡಿ, ಸಂದರ್ಶನದ ಕರೆ: ಇವನ್ನೆಲ್ಲ ಈಗ ಇಮೇಲ್ ಮಾಡುವುದು ಗುಮಾಸ್ತರಲ್ಲ, ಪ್ರೋಗ್ರಾಂಗಳು. ಕಳಿಸಿದ ಮೇಲೆ ಲಾಗ್‌ನಲ್ಲಿ ‘ಹೋಗಿದೆ’ ಎಂದು ಒಂದು ಸಾಲು ಬರೆದು ಅವು ಸುಮ್ಮನಾಗುತ್ತವೆ. ಎದುರಿನ ಸರ್ವರ್ ಏನೆಂದು ಉತ್ತರಿಸಿತು ಎಂಬುದನ್ನು ತೆಗೆದಿಡುವ ಸಂಸ್ಥೆಗಳು ಕಡಿಮೆ. ಇಷ್ಟು ದಿನ ಈ ಅಸಡ್ಡೆ ನಡೆದುಹೋಯಿತು. ಇನ್ನು ನಡೆಯುವುದು ಕಷ್ಟ.

ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ದಷ್ಟು ಪತ್ರ ಕಳಿಸುವ ಡೊಮೇನ್‌ಗಳಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಗುರುತು ದೃಢೀಕರಣದ ಮೂರೂ ವ್ಯವಸ್ಥೆ ಇರಬೇಕೆಂಬ ಗೂಗಲ್ ನಿಯಮ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ತಪ್ಪಿದವರ ಒಂದಷ್ಟು ಪತ್ರಗಳನ್ನು ಗೂಗಲ್ ಮೊದಲು ತಾತ್ಕಾಲಿಕವಾಗಿ ತಡೆಯಿತು, ಏಪ್ರಿಲ್‌ನಿಂದ ತಿರಸ್ಕರಿಸತೊಡಗಿತು, 2025ರ ನವೆಂಬರ್‌ನಿಂದ ಪಟ್ಟು ಇನ್ನಷ್ಟು ಬಿಗಿ ಮಾಡಿದೆ. ಮೈಕ್ರೋಸಾಫ್ಟ್ ಕೂಡ 2025ರ ಮೇ 5ರಿಂದ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಇಂಥದೇ ನಿಯಮ ತಂದಿತು. ‘ನಾವೆಲ್ಲಿ ಅಷ್ಟು ಕಳಿಸುತ್ತೇವೆ’ ಎನ್ನುವವರು ಒಂದು ಮಾತು ಗಮನಿಸಬೇಕು. ಫಲಿತಾಂಶದ ಒಂದೇ ದಿನ ಗಡಿ ದಾಟಿದರೂ ಗೂಗಲ್ ಆ ಡೊಮೇನನ್ನು ಕಾಯಂ ಆಗಿ ಸಗಟು ರವಾನೆದಾರರ ಸಾಲಿಗೆ ಸೇರಿಸುತ್ತದೆ. ಉಪಡೊಮೇನ್‌ಗಳ ಪತ್ರಗಳೂ ಅದೇ ಲೆಕ್ಕಕ್ಕೆ ಬೀಳುತ್ತವೆ.

ಬಾಗಿಲು ಮುಚ್ಚುವ ಮೊದಲು ಸರ್ವರ್ ಬಾಯಿಬಿಟ್ಟು ಹೇಳುತ್ತದೆ. ಉತ್ತರದ ಮೊದಲ ಅಂಕಿ 4 ಆದರೆ ‘ಈಗ ಬೇಡ, ಆಮೇಲೆ ಬಾ’; 5 ಆದರೆ ‘ಬರಲೇಬೇಡ’. 2003ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 3463 ಇದಕ್ಕೆ ವಿವರವಾದ ಸಂಕೇತ ಕೊಟ್ಟಿದೆ: 5.1.1 ಎಂದರೆ ಅಂಥ ವಿಳಾಸವೇ ಇಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ, 7ರ ಸಾಲಿನವು ಭದ್ರತೆ ಮತ್ತು ನೀತಿಗೆ ಸಂಬಂಧಿಸಿದವು. ಗುರುತು ದೃಢಪಡದ ಪತ್ರಕ್ಕೆ ಜಿಮೇಲ್ 4.7.26 ಎಂದರೆ ವೇಗಕ್ಕೆ ಕಡಿವಾಣ, 5.7.26 ಎಂದರೆ ತಿರಸ್ಕಾರ. ದೋಷ ಒಂದೇ, ಬದಲಾದದ್ದು ಒಂದು ಅಂಕಿ. ಸರಿಪಡಿಸಿಕೊಳ್ಳಲು ಸಿಗುವ ಕಾಲಾವಕಾಶ ಈ ಎರಡರ ನಡುವಿನದು ಮಾತ್ರ.

ಆದರೆ ಆ 4 ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹೆಚ್ಚಿನ ಕಡೆ ಪ್ರೋಗ್ರಾಂ ಪತ್ರವನ್ನು ಪಕ್ಕದ ಮೇಲ್ ಸರ್ವರ್ ಆದ ಪೋಸ್ಟ್‌ಫಿಕ್ಸ್‌ಗೆ ಒಪ್ಪಿಸುತ್ತದೆ. ಅದು 250 ಎಂದು ಸ್ವೀಕರಿಸಿದೊಡನೆ ಪ್ರೋಗ್ರಾಂ ‘ಯಶಸ್ವಿ’ ಎಂದು ಬರೆದುಕೊಳ್ಳುತ್ತದೆ. ಈ 250 ಅಂಚೆ ಕಚೇರಿಯ ಕಿಟಕಿಯಲ್ಲಿ ಸಿಗುವ ರಶೀದಿ ಅಷ್ಟೇ. ಮುಂದೆ ಜಿಮೇಲ್ 421 ಎಂದರೆ ಪೋಸ್ಟ್‌ಫಿಕ್ಸ್ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಐದು ದಿನದವರೆಗೆ ಮತ್ತೆ ಮತ್ತೆ ಯತ್ನಿಸುತ್ತದೆ. ತಡವಾಗಿದೆ ಎಂದು ಕಳಿಸಿದವರಿಗೆ ತಿಳಿಸುವ ಸೌಲಭ್ಯ ಅದರಲ್ಲಿದೆ, ಆದರೆ ನಾವೇ ಚಾಲೂ ಮಾಡಬೇಕು. ಕೊನೆಗೆ ಹಿಂದಿರುಗುವ ಪತ್ರವೂ ಯಾರೂ ತೆರೆಯದ ‘ನೋರಿಪ್ಲೈ’ ಪೆಟ್ಟಿಗೆಗೆ ಬೀಳುತ್ತದೆ.

ಸಲಕರಣೆಗಳಲ್ಲೂ ತರತಮವಿದೆ. ಪಿಎಚ್‌ಪಿಯ ಮೇಲ್ ಫಂಕ್ಷನ್ ಹೌದು–ಅಲ್ಲಕ್ಕಿಂತ ಹೆಚ್ಚು ಹೇಳುವುದಿಲ್ಲ. ಪೈಥಾನ್‌ನ ಎಸ್‌ಎಂಟಿಪಿ‌ಲಿಬ್ ತಿರಸ್ಕೃತ ವಿಳಾಸಗಳನ್ನು ಕಾರಣಸಮೇತ ಹಿಂದಿರುಗಿಸುತ್ತದೆ. ಆ ಪಟ್ಟಿಯನ್ನು ಹಿಡಿದಿಡದ ಕೋಡ್‌ಗೆ ಬರವಿಲ್ಲ. ಇನ್ನು ಸರ್ವರ್ ಕೊಡುವ ಸರದಿ ಸಂಖ್ಯೆ, ಪತ್ರ ಸ್ವೀಕೃತವಾದರೆ ಎಸ್‌ಎಂಟಿಪಿ‌ಲಿಬ್‌ನಲ್ಲೇ ಬಿದ್ದುಹೋಗುತ್ತದೆ. ನೋಡ್‌ಮೇಲರ್ ಸರ್ವರ್‌ನ ಕೊನೆಯ ಉತ್ತರವನ್ನೂ ಕೈಗಿಡುತ್ತದೆ.

ಆದ್ದರಿಂದ ಪ್ರತಿ ವಿಳಾಸಕ್ಕೂ ಉತ್ತರ ಸಂಕೇತ, ವಿಸ್ತೃತ ಸಂಕೇತ, ಸರ್ವರ್‌ನ ಪೂರ್ಣ ಮಾತು, ಸಿಗುವ ಕಡೆ ಸರದಿ ಸಂಖ್ಯೆ, ಇಷ್ಟನ್ನೂ ಬೇರೆ ಬೇರೆ ಕಾಲಂಗಳಲ್ಲಿ ದಾಖಲಿಸಿ. ಪೋಸ್ಟ್‌ಫಿಕ್ಸ್ ಲಾಗ್‌ನ ‘ಡಿಫರ್ಡ್’ ಸಾಲುಗಳನ್ನೂ ಅಲ್ಲಿಗೇ ತನ್ನಿ. ಹಿಂದಿರುಗುವ ಪತ್ರಗಳಲ್ಲಿ ಆರ್‌ಎಫ್‌ಸಿ 3464ರ ಪ್ರಕಾರ ಸ್ಥಿತಿ, ಕಾರಣ, ವಿಳಾಸ ಯಂತ್ರ ಓದಬಲ್ಲ ರೂಪದಲ್ಲೇ ಇರುತ್ತವೆ. ಅವುಗಳಿಗೊಂದು ಜೀವಂತ ಪೆಟ್ಟಿಗೆ ಕೊಡಿ. 5.1.1 ಬಂದ ವಿಳಾಸವನ್ನು ಪಟ್ಟಿಯಿಂದ ತೆಗೆಯಿರಿ. 5.7 ಬಂದರೆ ವಿಳಾಸವನ್ನು ಮುಟ್ಟಬೇಡಿ, ಆ ತಪ್ಪು ನಿಮ್ಮದು.

ಪ್ರವೇಶಾತಿಯ ಕಾಲದಲ್ಲಿ ಪತ್ರಗಳು ಒಮ್ಮೆಲೇ ಏರುತ್ತವೆ. ದುರಸ್ತಿಗೆ ಆಗ ಪುರಸೊತ್ತಿರುವುದಿಲ್ಲ. ಈ ವಾರವೇ ಲಾಗ್‌ನಲ್ಲಿ 4.7 ಎಂದು ಹುಡುಕಿಸಿ. ಒಂದು ಸಾಲು ಸಿಕ್ಕರೂ ದುರಸ್ತಿಯ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ. ಹುಡುಕಲು ಲಾಗ್‌ನಲ್ಲಿ ಸಂಕೇತಗಳೇ ಇಲ್ಲವೆಂದಾದರೆ, ಮೊದಲು ಸರಿಯಾಗಬೇಕಾದದ್ದು ಅದೇ.