ಚಿನ್ನದ ಕಣವೂ ತಾಳ್ಮೆಯ ಬಂಡವಾಳವೂ

ವಣಿಕನಿಗೆ ಚಿನ್ನವೆಂದರೆ ಆಪತ್ಕಾಲದ ಆಸ್ತಿ, ಸಾಲಕ್ಕೆ ಆಧಾರ. ವಿಜ್ಞಾನಿಯ ಕೈಯಲ್ಲಿ ಅದೇ ಚಿನ್ನವು 5 ನ್ಯಾನೋಮೀಟರಿಗಿಂತ ಕಿರಿದಾದ ಕಣವಾಗಿ ಔಷಧವನ್ನು ಹೊರುವ ವಾಹನವಾಗುತ್ತಿದೆ. ಈ ಪ್ರಯತ್ನದ ಇತಿಹಾಸದಲ್ಲಿ ಉದ್ಯಮಿಗಳು ಗಮನಿಸಬೇಕಾದ ಪಾಠವೊಂದಿದೆ.

ಒಂದನೆಯ ವಿಧದ ಮಧುಮೇಹದಲ್ಲಿ ದೇಹದ ರಕ್ಷಣಾ ಪಡೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ನಾಶಪಡಿಸುತ್ತದೆ. ಕಾವಲುಗಾರನೇ ಮನೆಯವರ ಮೇಲೆ ಕೈಯೆತ್ತಿದಂತೆ. ಹೊರಗಿನಿಂದ ಕೊಡುವ ಇನ್ಸುಲಿನ್ ಕೊರತೆಯನ್ನು ತುಂಬುತ್ತದೆಯೇ ಹೊರತು ಈ ದಾಳಿಯನ್ನು ತಡೆಯದು. ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಔಷಧಗಳು ಸೋಂಕಿಗೆ ಬಾಗಿಲು ತೆರೆಯುತ್ತವೆ. ಆದ್ದರಿಂದ, ದಾಳಿಗೆ ಗುರಿಯಾದ ಪ್ರೋಟೀನಿನದೇ ಒಂದು ತುಣುಕನ್ನು, ಅಂದರೆ ಪೆಪ್ಟೈಡನ್ನು, ಅಲ್ಪ ಪ್ರಮಾಣದಲ್ಲಿ ನೀಡಿ ರಕ್ಷಣಾ ಪಡೆಗೆ ಸಹನೆಯನ್ನು ಕಲಿಸುವ ಮಾರ್ಗವನ್ನು ಅರಸಲಾಗುತ್ತಿದೆ.

ಪೆಪ್ಟೈಡನ್ನು ನುಂಗಿದರೆ ಅದು ಜಠರದಲ್ಲಿ ಜೀರ್ಣವಾಗಿಬಿಡುತ್ತದೆ. ಚರ್ಮದಲ್ಲಾದರೋ ರೋಗನಿರೋಧಕ ಕೋಶಗಳು ದಟ್ಟವಾಗಿವೆ. 0.6 ಮಿಲಿಮೀಟರ್ ಉದ್ದದ ಸೂಕ್ಷ್ಮ ಸೂಜಿಯೊಂದು ಔಷಧವನ್ನು ಅಲ್ಲಿಗೇ ತಲುಪಿಸಬಲ್ಲದು.

ಲಂಡನ್ನಿನ ಕಿಂಗ್ಸ್ ಕಾಲೇಜು ಹಾಗೂ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರೊಇನ್ಸುಲಿನ್ ಪೆಪ್ಟೈಡೊಂದು ಸುರಕ್ಷಿತವೆಂದು 2017ರಲ್ಲಿ ವರದಿ ಮಾಡಿದರು. ಐರೋಪ್ಯ ಒಕ್ಕೂಟದ ನೆರವಿನಲ್ಲಿ ಅದನ್ನೇ ಚಿನ್ನದ ಕಣಕ್ಕೆ ಜೋಡಿಸಿ ಸೂಕ್ಷ್ಮ ಸೂಜಿಯಿಂದ ನೀಡಿದ ಪ್ರಯೋಗದ ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಚುಚ್ಚಿದ ಸ್ಥಳದಲ್ಲಿ ಕಣಗಳು ನಿರೀಕ್ಷೆ ಮೀರಿ ದೀರ್ಘಕಾಲ ಉಳಿದವು, ಚರ್ಮದಲ್ಲಿ ಪ್ರತಿಕ್ರಿಯೆಯೂ ಕಂಡಿತು. ಪೆಪ್ಟೈಡಿನ ತತ್ತ್ವ ಸೋಲಲಿಲ್ಲ. ವಾಹನವನ್ನು ಮರಳಿ ಪರೀಕ್ಷಿಸಬೇಕೆಂಬುದು ಸ್ಪಷ್ಟವಾಯಿತು.

ಇದು ನಷ್ಟವೇ? ಲೆಕ್ಕಶಾಸ್ತ್ರದ ಉತ್ತರ ನಿಷ್ಠುರವಾದುದು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಅದಾದ ವರ್ಷದಲ್ಲೇ ಲಾಭ-ನಷ್ಟ ಖಾತೆಗೆ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕಾದರೆ ತಾಂತ್ರಿಕ ಸಾಧ್ಯತೆ, ಭವಿಷ್ಯದ ಆದಾಯ ಮುಂತಾದುವನ್ನು ಸಿದ್ಧಪಡಿಸಬೇಕು. ಈ ನಿಯಮ ಸರಿಯಾದುದೇ. ಆಸೆಯನ್ನು ಆಸ್ತಿಯೆಂದು ಬರೆಯಲಾಗದು. ಆದರೆ ಖಾತೆಯಲ್ಲಿ ಖರ್ಚೆಂದು ಬರೆದ ಮಾತ್ರಕ್ಕೆ ಜ್ಞಾನವು ವ್ಯರ್ಥವಾಗದೆಂಬುದನ್ನು ಷೇರುದಾರರೂ ಬ್ಯಾಂಕುಗಳೂ ಅರಿಯಬೇಕು.

ಫಲ ದೊರೆತಾಗ ಅದರ ಮೌಲ್ಯವೆಷ್ಟೆಂಬುದಕ್ಕೆ ನಿದರ್ಶನವಿದೆ. ಇದೇ ರೋಗವನ್ನು ಮುಂದೂಡುವ ಟೆಪ್ಲಿಜುಮಾಬ್ ಎಂಬ ಪ್ರತಿಕಾಯ ಔಷಧಕ್ಕೆ 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹದಿನಾಲ್ಕು ದಿನಗಳ ಚಿಕಿತ್ಸೆಗೆ ಆಗ ನಿಗದಿಯಾದ ಬೆಲೆ 1,93,900 ಡಾಲರು! ಭಾರತದ ಮಧ್ಯಮ ವರ್ಗದ ತಂದೆತಾಯಿಗಳಿಗೆ ಇದು ಕನಸಿನ ಮಾತು. ಇಲ್ಲಿ ಸಂಶೋಧನೆ ನಡೆಯದಿದ್ದರೆ ಅವರು ತೆರಬೇಕಾದ ದರವೂ ಇಂಥದೇ ಆದೀತು.

ಕರ್ನಾಟಕಕ್ಕೆ ಇದು ಅಪರಿಚಿತ ಹಾದಿಯಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯು 2004ರಲ್ಲಿ ತನ್ನದೇ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಈ ನಡುವಿನ ಇಪ್ಪತ್ತಾರು ವರ್ಷಗಳೇ ತಾಳ್ಮೆಯ ಅಳತೆಗೋಲು.

ತೆರಿಗೆ ನೀತಿಯಲ್ಲಿ ಈ ತಾಳ್ಮೆ ಕಾಣಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 35(2ಎಬಿ) ಅನ್ವಯ ಆಂತರಿಕ ಸಂಶೋಧನೆಗೆ ದೊರೆಯುತ್ತಿದ್ದ ಶೇ. 200ರ ಕಡಿತವು 2017ರ ಏಪ್ರಿಲಿನಿಂದ ಶೇ. 150ಕ್ಕೂ, 2020ರ ಏಪ್ರಿಲಿನಿಂದ ಶೇ. 100ಕ್ಕೂ ಇಳಿಯಿತು. 2025ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ 1 ಲಕ್ಷ ಕೋಟಿ ರೂ.ಗಳ ಸಂಶೋಧನಾ ನಿಧಿಯು ಸ್ವಾಗತಾರ್ಹ. ಆದರೆ ಸಾಲವು ಸಾಲವೇ. ಪ್ರಯೋಗ ವಿಫಲವಾದರೂ ಅದರ ಹೊರೆ ಇಳಿಯದು. ಕಡಿತದಿಂದ ಲಾಭದಲ್ಲಿರುವ ಸಂಸ್ಥೆಗೆ, ನಿಧಿಯಿಂದ ಇನ್ನೂ ಲಾಭ ಕಾಣದ ಸಂಸ್ಥೆಗೆ ಅನುಕೂಲ. ಎರಡೂ ಬೇಕು.

ವಾಣಿಜ್ಯ ಸಂಸ್ಥೆಗಳು ಮುಂಗಡಪತ್ರ ಪೂರ್ವ ಮನವಿಯಲ್ಲಿ ಹೆಚ್ಚುವರಿ ಕಡಿತದ ಮರುಸ್ಥಾಪನೆಯನ್ನು ಕೋರುವುದು ಉಚಿತ. ಅದರೊಡನೆ, ವಿಫಲ ಪ್ರಯೋಗಗಳ ಫಲಿತಾಂಶವನ್ನೂ ಪ್ರಕಟಿಸಬೇಕೆಂಬ ಷರತ್ತನ್ನು ಉದ್ಯಮವೇ ಮುಂದಾಗಿ ಒಪ್ಪಿಕೊಳ್ಳಲಿ. ಸಾರ್ವಜನಿಕ ಹಣದ ರಿಯಾಯಿತಿ ಪಡೆದವರು ಸಾರ್ವಜನಿಕರಿಗೆ ಕೊಡಬೇಕಾದ ಲೆಕ್ಕ ಅದು.