ಸರಾಸರಿ ಹೇಳದ ಮಾತು

ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯ ತಯಾರಿ ಮಾಡಿಸುವುದು ನಮ್ಮ ಶಾಲೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ. 2008ರಲ್ಲಿ ಆರಂಭವಾದ ಈ ವಿದ್ಯಾರ್ಥಿವೇತನ ದೊರೆತರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಬಡವರ ಮನೆಯಲ್ಲಿ ಅದು ಒಂದು ಹೆಣ್ಣುಮಗುವಿನ ಮದುವೆಯನ್ನು ನಾಲ್ಕು ವರ್ಷ ಮುಂದೂಡಬಲ್ಲ ಹಣ. ಆದ್ದರಿಂದ ಒಂದೊಂದು ಅಂಕಕ್ಕೂ ಬೆಲೆಯಿದೆ.

ಒಂದು ದಿನ ಗೈಡಿನಲ್ಲಿ ಹೀಗೊಂದು ಪ್ರಶ್ನೆ ಬಂತು. ಹತ್ತು ವಿದ್ಯಾರ್ಥಿಗಳು ನೂರಕ್ಕೆ ಪಡೆದ ಅಂಕಗಳ ಸರಾಸರಿ 60. ಇದರಿಂದ ಖಚಿತವಾಗಿ ಹೇಳಬಹುದಾದದ್ದು ಯಾವುದು? ಅರ್ಧದಷ್ಟು ಮಂದಿಯಾದರೂ 60 ಅಥವಾ ಹೆಚ್ಚು ಪಡೆದಿದ್ದಾರೆ. ಒಬ್ಬರಾದರೂ ಸರಿಯಾಗಿ 60 ಪಡೆದಿದ್ದಾರೆ. ಎಲ್ಲರೂ 60ರ ಆಸುಪಾಸಿನಲ್ಲಿದ್ದಾರೆ. ಒಬ್ಬರು 60ಕ್ಕಿಂತ ಕಡಿಮೆ ಪಡೆದಿದ್ದರೆ ಇನ್ನೊಬ್ಬರಾದರೂ 60ಕ್ಕಿಂತ ಹೆಚ್ಚು ಪಡೆದಿರಲೇಬೇಕು. ಗೈಡಿನ ಉತ್ತರ ಮೊದಲನೆಯದು. ನಾನೂ ಅದನ್ನೇ ಕರಿಹಲಗೆಯ ಮೇಲೆ ಬರೆದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. "ಅಕ್ಕೋರ, ಇಬ್ಬರು ನೂರು ನೂರು ತಗೊಂಡು, ಎಂಟು ಮಂದಿ ಐವತ್ತೈವತ್ತು ತಗೊಂಡ್ರೂ ಸರಾಸರಿ ಅರವತ್ತ ಬರತೈತಲ್ರಿ? ಮತ್ತ ಅರ್ಧಾ ಮಂದಿ ಹೆಂಗ ಮ್ಯಾಲಿದ್ದಂಗಾತು?"

ನಾನು ಕೂಡಿಸಿ ನೋಡಿದೆ. ಎರಡು ನೂರು, ನಾಲ್ಕು ನೂರು, ಒಟ್ಟು ಆರು ನೂರು. ಅವಳ ಒಂದೇ ಉದಾಹರಣೆಯಲ್ಲಿ ಮೊದಲ ಮೂರೂ ಉತ್ತರಗಳು ಬಿದ್ದುಹೋದವು. ಉಳಿದದ್ದು ಕೊನೆಯದೊಂದೇ. ಕೆಳಗೆ ಒಬ್ಬರಿದ್ದರೆ ಆ ಕೊರತೆಯನ್ನು ತುಂಬಲು ಮೇಲೆ ಒಬ್ಬರು ಇರಲೇಬೇಕು. ಸರಾಸರಿ ಖಂಡಿತವಾಗಿ ಹೇಳುವುದು ಇಷ್ಟೇ.

ಆದರೆ ನಾನು ಅವಳಿಗೆ ಹೇಳಿದ್ದೇನು ಗೊತ್ತೇ? "ಸದ್ಯಕ್ಕೆ ಗೈಡಿನಲ್ಲಿದ್ದದ್ದನ್ನೇ ಬರಕೋ." ಆ ಮಾತಿಗಾಗಿ ನಾನು ಇಂದಿಗೂ ನಾಚುತ್ತೇನೆ. ಮರುದಿನ ತರಗತಿಯ ಮುಂದೆ ತಪ್ಪು ಒಪ್ಪಿಕೊಂಡೆನಾದರೂ, ಅವಳು ಕುಳಿತುಕೊಂಡಾಗಿನ ಮುಖ ಕಣ್ಣಿನಿಂದ ಹೋಗಿಲ್ಲ.

ಇದು ಒಂದು ಗೈಡಿನ ತಪ್ಪಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ದೊಡ್ಡವರೆಲ್ಲ ಹೀಗೆಯೇ ಯೋಚಿಸುತ್ತೇವೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು ತಾಲೂಕುಗಳನ್ನು ಅಳೆಯಿತು. 175 ತಾಲೂಕುಗಳಲ್ಲಿ 114 ಹಿಂದುಳಿದವು, 61 ಮಾತ್ರ ಮುಂದೆ. ಅರ್ಧದಷ್ಟಾದರೂ ಸರಾಸರಿಗಿಂತ ಮೇಲಿರುತ್ತವೆ ಎನ್ನುವವರು ಈ ಲೆಕ್ಕಕ್ಕೆ ಏನನ್ನುತ್ತಾರೆ? 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75.36. ನಾಲ್ವರಲ್ಲಿ ಮೂವರು ಓದಬಲ್ಲರು ಎಂದು ನಾವು ಭಾಷಣ ಮಾಡಿದೆವು. ದಕ್ಷಿಣ ಕನ್ನಡದಲ್ಲಿ ಅದು 88.57, ಯಾದಗಿರಿಯಲ್ಲಿ 51.83. ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವೆ. ಪಾತ್ರೆ ಒಂದೇ, ಉರಿ ಒಂದೇ, ಆದ್ದರಿಂದ ಅದು ಸರಿ. ಜಿಲ್ಲೆ ಜಿಲ್ಲೆಗೂ ಒಲೆಯೇ ಬೇರೆಯಾಗಿರುವಾಗ ಆ ಲೆಕ್ಕ ನಡೆಯುವುದಿಲ್ಲ.

ಇನ್ನು ನಮ್ಮ ಸಭೆಗಳು. ಮುಂದಿನ ವರ್ಷ ತಾಲೂಕಿನ ಸರಾಸರಿಗಿಂತ ಕೆಳಗೆ ಒಂದು ಶಾಲೆಯೂ ಇರಕೂಡದು ಎಂದು ಅಧಿಕಾರಿಯೊಬ್ಬರು ಮೇಜು ಗುದ್ದಿ ಹೇಳಿದ್ದನ್ನು ಕೇಳಿದ್ದೇನೆ. ಈ ವರ್ಷದ ಸರಾಸರಿಯನ್ನು ಎಲ್ಲರೂ ದಾಟಿರಿ ಎಂದರೆ ಆಗಬಹುದಾದ ಮಾತು. ಮುಂದಿನ ವರ್ಷದ ಸರಾಸರಿಗಿಂತ ಯಾರೂ ಕೆಳಗಿರಬಾರದು ಎಂದರೆ ಎಲ್ಲ ಶಾಲೆಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಫಲಿತಾಂಶ ತರಬೇಕು. ಎಂಟನೆಯ ತರಗತಿಯ ಆ ಹುಡುಗಿ ಅಲ್ಲಿದ್ದಿದ್ದರೆ ಎದ್ದು ಕೇಳುತ್ತಿದ್ದಳು. ನಾವು ಬಿಎ ಬಿಎಡ್ ಮಾಡಿದವರು ತಲೆ ಬಗ್ಗಿಸಿ ಬರೆದುಕೊಂಡೆವು.

ಆಗದ ಕೆಲಸವನ್ನು ಮಾಡಲು ಹೇಳಿದರೆ ಜನ ಅಡ್ಡದಾರಿ ಹುಡುಕುತ್ತಾರೆ. ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ 50, ಒಬ್ಬನಿಗೆ 10 ಬಂದರೆ ಸರಾಸರಿ 46. ಆ ಒಬ್ಬನನ್ನು ತೆಗೆದುಬಿಡಿ, 50 ಆಗುತ್ತದೆ. ಯಾರೂ ಒಂದಕ್ಷರ ಹೆಚ್ಚು ಕಲಿಯಲಿಲ್ಲ, ಶಾಲೆ ಮಾತ್ರ ಸುಧಾರಿಸಿತು! ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆಯನ್ನು ಕರೆಸಿ, "ಇವನನ್ನು ಬಿಡಿಸಿ, ಮುಂದೆ ಖಾಸಗಿಯಾಗಿ ಕಟ್ಟಿಸಿ" ಎಂದು ಬುದ್ಧಿ ಹೇಳಿ ಕಳಿಸಿದರು. ಆ ಕೋಣೆಯಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ. ಪರೀಕ್ಷೆಯ ದಿನ ಅವನು ಬಸ್ ನಿಲ್ದಾಣದ ಹತ್ತಿರದ ಗ್ಯಾರೇಜಿನಲ್ಲಿ ಟೈರು ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಆ ವರ್ಷ ನಮ್ಮ ಶಾಲೆಯ ಸರಾಸರಿ ಏರಿತ್ತು, ಸಿಹಿ ಹಂಚಿದ್ದರು.

ಹಾಗಾದರೆ ಸರಾಸರಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಬಿಸಿಯೂಟಕ್ಕೆ ಅಕ್ಕಿ ಎಷ್ಟು ಬೇಕೆಂದು ಅಂದಾಜು ಹಾಕಲು ಅದಿಲ್ಲದೆ ನಡೆಯದು. ನಂಜುಂಡಪ್ಪನವರು ಅನ್ಯಾಯವನ್ನು ತೋರಿಸಿದ್ದೂ ಸರಾಸರಿಯಿಂದಲೇ. ಆದರೆ ಅವರು ಆ ಒಂದು ಅಂಕಿಯ ಹತ್ತಿರ ನಿಲ್ಲಲಿಲ್ಲ, ಪ್ರತಿ ತಾಲೂಕೂ ಅದರಿಂದ ಎಷ್ಟು ದೂರದಲ್ಲಿದೆ ಎಂದು ಕೇಳಿದರು. ಸರಾಸರಿ ಸುಳ್ಳು ಹೇಳುವುದಿಲ್ಲ. ಅದು ಹೇಳದ ಮಾತನ್ನು ಅದರ ಬಾಯಿಗೆ ತುರುಕುವವರು ನಾವು.

ಆದ್ದರಿಂದ ಯಾರಾದರೂ ನಿಮ್ಮ ಮುಂದೆ ಸರಾಸರಿ ಇಟ್ಟರೆ ಎರಡು ಪ್ರಶ್ನೆ ಕೇಳಿ. ಎಲ್ಲರಿಗಿಂತ ಕೆಳಗಿರುವವರು ಎಷ್ಟು ಕೆಳಗಿದ್ದಾರೆ? ಲೆಕ್ಕ ಹಾಕುವ ಮೊದಲು ಯಾರನ್ನಾದರೂ ಹೊರಗೆ ಕಳಿಸಿದ್ದೀರಾ? ಎರಡನೆಯದನ್ನು ನಾನು ಅಂದು ಆ ಕೋಣೆಯಲ್ಲಿ ಕೇಳಬೇಕಾಗಿತ್ತು.