ಪಟ್ಟಿ ಬದಲಾಗುವಾಗ ‘ಇಲ್ಲ’ ಎನ್ನಬೇಡಿ



ಕುಮಟೆಯಲ್ಲಿ ನನ್ನ ಬಳಿ ಓದಿ ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಈಚೆಗೆ ಮನೆಗೆ ಬಂದಿದ್ದ. ಕೆಲಸವೇನೆಂದು ಕೇಳಿದೆ. “ಜನ ಹುಡುಕುತ್ತಿರುವಾಗಲೇ ಹುಡುಕುವ ಪಟ್ಟಿಯನ್ನು ಹೊಸದು ಮಾಡುವುದು ಸರ್, ಅವರಿಗೆ ತೊಂದರೆಯಾಗದಂತೆ” ಎಂದ. ನನಗೆ ನಗು ಬಂತು. ಆ ಕೆಲಸವನ್ನು ನಾನೂ ಮಾಡಿದ್ದೇನೆ. ಮೊದಲ ಸಲ ಕೆಡಿಸಿಯೂ ಇದ್ದೇನೆ.

ಹೊನ್ನಾವರ ತಾಲ್ಲೂಕಿನ ಶಾಲೆಯೊಂದರಲ್ಲಿ ಗ್ರಂಥಾಲಯದ ಹೊಣೆ ನನ್ನದಾಗಿತ್ತು. ಪುಸ್ತಕಗಳೆಲ್ಲ ಕೊಂಡ ಕ್ರಮದಲ್ಲಿ ಒಂದು ದಪ್ಪ ರಿಜಿಸ್ಟರಿನಲ್ಲಿದ್ದವು. ಲೇಖಕರ ಹೆಸರಿನಂತೆ ಕಾರ್ಡು ಬರೆಯಹೊರಟ ನಾನು, ಉತ್ಸಾಹದಲ್ಲಿ ರಿಜಿಸ್ಟರನ್ನು ಒಳಗಿಟ್ಟು, ಅರ್ಧ ತುಂಬಿದ ಕಾರ್ಡಿನ ಪೆಟ್ಟಿಗೆಯನ್ನೇ ಮೇಜಿನ ಮೇಲಿಟ್ಟೆ. ಭಟ್ಕಳದ ಕಡೆಯ ಹುಡುಗನೊಬ್ಬ ಕಾರಂತರ ‘ಚೋಮನ ದುಡಿ’ ಕೇಳಿದ. ಪೆಟ್ಟಿಗೆ ನೋಡಿ “ಇಲ್ಲ” ಎಂದೆ. ವಾರದ ಬಳಿಕ ನೋಡಿದರೆ ಪುಸ್ತಕ ಕಪಾಟಿನಲ್ಲಿಯೇ ಇತ್ತು. ಅದರ ಕಾರ್ಡನ್ನು ನಾನಿನ್ನೂ ಬರೆದಿರಲಿಲ್ಲ. ಆ ಹುಡುಗ ಮತ್ತೆ ಪುಸ್ತಕ ಕೇಳಲು ಬರಲಿಲ್ಲ.

ಕುಮಟೆಗೆ ವರ್ಗವಾದ ಮೇಲೆ ಜಾಗರೂಕನಾದೆ. ಹಳೆಯ ರಿಜಿಸ್ಟರು ಮೇಜಿನ ಮೇಲೆಯೇ ಉಳಿಯಿತು, ಕಾರ್ಡುಗಳು ಒಳಗೆ ಸಿದ್ಧವಾದವು. ನಡುವೆ ಬಂದ ಪುಸ್ತಕಗಳನ್ನು ಎರಡರಲ್ಲೂ ಬರೆದೆ. ಕಪಾಟಿನೊಡನೆ ತಾಳೆ ನೋಡಿ, ಒಂದು ಭಾನುವಾರ ಪೆಟ್ಟಿಗೆಯನ್ನು ಹೊರತಂದೆ. ರಿಜಿಸ್ಟರನ್ನು ಮಾತ್ರ ಎಸೆಯಲಿಲ್ಲ.

ಯಂತ್ರವೂ ಹೀಗೆಯೇ ಮಾಡುತ್ತದೆಯಂತೆ. ಲುಸೀನ್ ಎಂಬ ಹುಡುಕು ತಂತ್ರಾಂಶವು ಒಮ್ಮೆ ಬರೆದ ಪಟ್ಟಿಯ ತುಣುಕನ್ನು ತಿದ್ದುವುದಿಲ್ಲ. ಹೊಸ ವಿಷಯಕ್ಕೆ ಹೊಸ ತುಣುಕು ಬರೆದು, ಆಗಾಗ ತುಣುಕುಗಳನ್ನು ಕೂಡಿಸುತ್ತದೆ. ಆಗಲೇ ಹುಡುಕತೊಡಗಿದವನಿಗೆ ಹಳೆಯ ಪಟ್ಟಿಯೇ ಕೊನೆಯವರೆಗೂ ಕಾಣುತ್ತದೆ. ಗೂಗಲ್ ಸಂಸ್ಥೆ 2010ರಲ್ಲಿ ‘ಕೆಫೀನ್’ ಎಂಬ ವ್ಯವಸ್ಥೆ ತಂದು, ತನ್ನ ಭಾರಿ ಪಟ್ಟಿಯನ್ನು ಇಡಿಯಾಗಿ ಬದಲಿಸುವುದನ್ನು ಬಿಟ್ಟು ಸ್ವಲ್ಪ ಸ್ವಲ್ಪವಾಗಿ ನಿರಂತರ ನವೀಕರಿಸತೊಡಗಿತು.

ನಮ್ಮ ರಾಜ್ಯ ಇದಕ್ಕಿಂತ ಕಷ್ಟದ ಪಟ್ಟಿಯನ್ನು ಬದಲಿಸಿದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಜಮೀನಿನ ಕ್ರಯ, ಪಾಲುಪಟ್ಟಿ, ಪೌತಿ ಖಾತೆಗಳು ಅದಕ್ಕಾಗಿ ಕಾಯಲಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಗಣಕೀಕೃತ ಪಹಣಿ ಬಂದಂತೆ, ಅಲ್ಲಿಯ ಕೈಬರಹದ ಪಹಣಿ ಅಮಾನ್ಯವಾಯಿತು. ರಾಜ್ಯವನ್ನೆಲ್ಲ ಒಂದೇ ದಿನ ಬದಲಿಸದಿದ್ದದ್ದು ದೊಡ್ಡ ವಿವೇಕವೆಂದು ನನ್ನ ಅಭಿಪ್ರಾಯ.

ಆದರೆ ಕಚೇರಿಗಳ ಕಿಟಕಿಯಲ್ಲಿ ಇಂದಿಗೂ ನನ್ನ ಹಳೆಯ ತಪ್ಪನ್ನೇ ಕಾಣುತ್ತೇನೆ. ಹಿಂದಿನ ವರ್ಷ ಒಂದು ದಾಖಲೆ ಕೇಳಲು ಹೋದಾಗ “ನಿಮ್ಮ ಹೆಸರೇ ಇಲ್ಲ” ಎಂದರು. ಹದಿನೈದು ದಿನದ ಬಳಿಕ ಅದೇ ಕಿಟಕಿಯಲ್ಲಿ ನನ್ನ ಹೆಸರಿತ್ತು. ನಾನು ಪಿಂಚಣಿದಾರ, ಕಾಯಬಲ್ಲೆ. ಸೊಸೈಟಿಯ ಬೆಳೆಸಾಲಕ್ಕೆ ಕಡೆಯ ದಿನವೆಂದು ಓಡಿಬಂದ ವಿಧವೆಯೊಬ್ಬಳಿಗೆ ಇದೇ ಉತ್ತರ ಸಿಕ್ಕರೆ? ಕಿಟಕಿ ಮುಚ್ಚಿದ್ದರೆ ಆಕೆ ನಾಳೆ ಬಂದಾಳು. ‘ಇಲ್ಲ’ ಎಂದರೆ ಬರುವುದೇ ಇಲ್ಲ.

ತೆರೆಯ ಮೇಲೆ ‘ಈ ಪಟ್ಟಿ ಇಂಥ ದಿನಾಂಕದವರೆಗೆ ಸರಿ’ ಎಂಬ ಒಂದು ಸಾಲು ಇರಲಿ. ಕುಮಟೆಯ ರಿಜಿಸ್ಟರಿನ ಕೊನೆಯ ಪುಟದಲ್ಲಿ ನಾನು ಅಷ್ಟನ್ನೇ ಬರೆದು, ಕೆಳಗೆ ಸಹಿ ಹಾಕುತ್ತಿದ್ದೆ.